ಸಾಯುವುದರಲ್ಲಿ ತನುಜಾಳದು ಎತ್ತಿದ ಕೈ

ನಮ್ಮ ಅಜ್ಜಂಪುರದ ತನುಜಾ ಇದುವರೆಗೆ ಎಷ್ಟು ಸಲ ಸತ್ತಿದ್ದಾಳೆ ಎಂದು ಕೇಳಿದರೆ ಅವಳಿಗೇ ಲೆಕ್ಕ ಸಿಗುವುದಿಲ್ಲ. ಹಾಲಿನಲ್ಲಿ ವಿಷ ಕುಡಿದು ಸತ್ತಿದ್ದಾಳೆ, ಮೆಟ್ಟಿಲ ಮೇಲಿಂದ ಉರುಳಿ ಸತ್ತಿದ್ದಾಳೆ, ತಂಗಿಯ ಮದುವೆ ಮಂಟಪದಲ್ಲಿ ಎದೆ ಹಿಡಿದುಕೊಂಡು ಸತ್ತಿದ್ದಾಳೆ. ಸಿನಿಮಾದಲ್ಲಂತೂ ನಾಯಕ ಸೇಡು ತೀರಿಸಿಕೊಳ್ಳಲು ಹೊರಡಬೇಕಾದರೆ ಮೊದಲು ತನುಜಾ ಹೋಗಬೇಕು. ನಾವು ಪಾಪ್‌ಕಾರ್ನ್ ಪೊಟ್ಟಣ ಬಿಚ್ಚುವಷ್ಟರಲ್ಲಿ ಅವಳ ಕೆಲಸ ಮುಗಿದಿರುತ್ತದೆ. ಇಷ್ಟೆಲ್ಲ ಆದಮೇಲೂ ಹಬ್ಬಕ್ಕೆ ಊರಿಗೆ ಬಂದು, ನನ್ನ ಟೈಲರಿಂಗ್ ಅಂಗಡಿಯಲ್ಲಿ ಕಾಲು ಚಾಚಿ ಕೂತು, "ಕೋಮಲಕ್ಕಾ, ಈ ಬ್ಲೌಸಿನ ತೋಳು ಬಿಗಿ ಆಯ್ತು ಕಣೇ" ಎಂದು ಜಗಳ ತೆಗೆಯುತ್ತಾಳೆ. ದಪ್ಪಗಾಗಿದ್ದು ಅವಳು, ತಪ್ಪು ಮಾತ್ರ ನನ್ನ ಕತ್ತರಿಯದು.

ನನಗೆ ಧಾರಾವಾಹಿ ಎಂದರೆ ಮೈಯೆಲ್ಲ ಉರಿ. ಒಬ್ಬಳು ಬಾಗಿಲಿನಿಂದ ಅಡುಗೆಮನೆಗೆ ಹೋಗಲು ಇಡೀ ಸಂಜೆ ಬೇಕು. ಹಾಗಂತ ನೋಡುವುದನ್ನು ಬಿಟ್ಟಿಲ್ಲ. ನಮ್ಮ ಬೀದಿಯ ಹುಡುಗಿ ಇದ್ದಾಳಲ್ಲ, ಬಿಡುವುದು ಹೇಗೆ?

ತನುಜಾಳ ಅಪ್ಪ ರುದ್ರಮೂರ್ತಿಯವರು ಕಡೂರಿನ ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬೆಳಗಿನ ರೈಲಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಅಮ್ಮ ವಿಮಲಮ್ಮ ಮಾತು ಕಡಿಮೆ, ಕೆಲಸ ಜಾಸ್ತಿ. ಇವರಿಬ್ಬರಿಗೆ ಇಂಥ ಬಾಯಿಬಡುಕಿ ಹೇಗೆ ಹುಟ್ಟಿದಳೋ ಎಂದು ಬೀದಿಗೆಲ್ಲ ಆಶ್ಚರ್ಯ. ಮಠದ ಶಾಲೆಯ ನಾಟಕದಲ್ಲಿ ಅವಳಿಗೆ ರಾಣಿಯ ಹಿಂದೆ ನಿಂತು ಚಾಮರ ಬೀಸುವ ಪಾತ್ರ ಕೊಟ್ಟಿದ್ದರು. ರಾಣಿಯಾದ ಹುಡುಗಿ ಜನರನ್ನು ನೋಡಿ ಮಾತು ಮರೆತು ನಿಂತಳು. ಚಾಮರದ ಹಿಂದಿನಿಂದ ತನುಜಾ ರಾಣಿಯ ಮಾತನ್ನೆಲ್ಲ ತಾನೇ ಹೇಳಿ ಮುಗಿಸಿದಳು. ಸ್ವಾಮಿಗಳು ಕರೆದು ಕಲ್ಲುಸಕ್ಕರೆ ಕೊಟ್ಟಿದ್ದು ಮಾತ್ರ ರಾಣಿಗೆ. ಆ ಸಿಟ್ಟು ಅವಳಿಗೆ ಇನ್ನೂ ಇದೆ.

ಅವಳು ತರೀಕೆರೆಯಲ್ಲಿ ಡಿಗ್ರಿ ಓದುತ್ತಿದ್ದಾಗ ಕೆಮ್ಮಣ್ಣುಗುಂಡಿಗೆ ಸಿನಿಮಾದವರು ಹಾಡು ತೆಗೆಯಲು ಬಂದರು. ಕಾಲೇಜಿನ ಹುಡುಗಿಯರು ಕ್ಲಾಸಿಗೆ ಚಕ್ಕರ್ ಹೊಡೆದು ನೋಡಲು ಹೋದರು. ನಾಯಕಿಯ ಗೆಳತಿಯಾಗಬೇಕಿದ್ದವಳಿಗೆ ಘಾಟಿ ತಿರುವಿನಲ್ಲಿ ವಾಂತಿ ಹತ್ತಿ, ಗಾಡಿಯಿಂದ ಇಳಿದು ಮಲಗಿದವಳು ದಿನವಿಡೀ ಏಳಲೇ ಇಲ್ಲ. ಅವಳ ಲಂಗ ದಾವಣಿ ಯಾರಿಗೆ ಸರಿಹೋಗುತ್ತದೆ ಎಂದು ಹುಡುಕಿದರೆ, ಗುಂಪಿನ ಮುಂದೆ ಬಂದು ನಿಂತಿದ್ದವಳು ನಮ್ಮ ತನುಜಾ. ನಾಯಕಿಯ ಕೈಗೆ ಹೂವು ಕೊಟ್ಟು "ಅವನು ಬಂದೇ ಬರ್ತಾನೆ" ಎಂದು ಹೇಳಬೇಕು, ಅಷ್ಟೇ. ಸಿನಿಮಾ ಬಂದಾಗ ನಾವು ಬೀದಿಗೆ ಬೀದಿಯೇ ತರೀಕೆರೆ ಟಾಕೀಸಿಗೆ ಹೋದೆವು. ಅವಳು ಹೂವು ಕೊಟ್ಟಳು, ಮಾತು ಹೇಳಿದಳು. ರುದ್ರಮೂರ್ತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನವರು "ಕೂತ್ಕೊಳ್ರೀ, ಕಾಣಲ್ಲ" ಎಂದು ಕೂಗಿದರೂ ಅವರಿಗೆ ಕೇಳಿಸಲಿಲ್ಲ.

ಆಮೇಲೆ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಹಾಸ್ಟೆಲಿಗೆ ಸೇರಿಸಿ ಬಂದವರೂ ಅವರೇ. ಧಾರಾವಾಹಿಗಳಲ್ಲಿ ನರ್ಸ್ ಆದಳು, ಬ್ಯಾಂಕಿನವಳಾದಳು, ಬಂದವರಿಗೆಲ್ಲ ಕಾಫಿ ಕೊಡುವ ಪಕ್ಕದ ಮನೆಯವಳಾದಳು. ಅಪ್ಪ ಅಷ್ಟನ್ನೂ ಬಿಡದೆ ನೋಡಿದರು. ಒಂದು ಬೆಳಿಗ್ಗೆ ರೈಲಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಮನೆಯಲ್ಲಿ ಇದ್ದದ್ದು ವಿಮಲಮ್ಮ ಒಬ್ಬರೇ. ತನುಜಾ ಶೂಟಿಂಗ್ ಬಿಟ್ಟು ಓಡಿ ಬರುವಷ್ಟರಲ್ಲಿ ಅವರಿಗೆ ವಿಭೂತಿ ಬಳಿದು, ಹಾರ ಹಾಕಿ, ನಮ್ಮ ಪದ್ಧತಿಯಂತೆ ಕೂರಿಸಿ ಆಗಿತ್ತು. ಪೂಜೆಗೆ ಕೂತವರ ಹಾಗೇ ಕಾಣುತ್ತಿದ್ದರು. ಆ ಬೆಳಗಿನ ಬಗ್ಗೆ ವಿಮಲಮ್ಮ ಯಾರ ಹತ್ತಿರವೂ ಮಾತಾಡಲಿಲ್ಲ. ಅವರು ಅತ್ತಿದ್ದನ್ನೂ ನಾವು ಯಾರೂ ನೋಡಲಿಲ್ಲ.

ತನುಜಾ ಸಾಯಲು ಶುರುಮಾಡಿದ್ದು ಅದಾದಮೇಲೆ. ಯಾವುದೋ ಧಾರಾವಾಹಿಯಲ್ಲಿ ಕಾಫಿ ಕೊಡುವ ಪಕ್ಕದ ಮನೆಯವಳನ್ನು ಕತೆಯಿಂದ ತೆಗೆಯಬೇಕಾಗಿ ಬಂತು. ಬೇಗ ಸತ್ತುಬಿಡಮ್ಮಾ, ಊಟದ ಹೊತ್ತಾಯಿತು ಎಂದರಂತೆ. ಇವಳು ಬೇಗ ಸಾಯಲಿಲ್ಲ. ಹೇಳಬೇಕಾದ ಮಾತು ಗಂಟಲಲ್ಲೇ ಉಳಿದವಳ ಹಾಗೆ ತಡವರಿಸಿ, ಸುಮ್ಮನೆ ಒಂದು ನಗು ನಕ್ಕು ಹೋದಳು. ಮಾರನೆಯ ದಿನ ನನ್ನ ಅಂಗಡಿಗೆ ಬಂದ ಹೆಂಗಸರಿಗೆಲ್ಲ ಕಣ್ಣು ಊದಿತ್ತು. ಕಾಫಿ ಬಿಟ್ಟು ಬೇರೇನೂ ಕೊಡದ ಪಾತ್ರಕ್ಕೆ ರಾಜ್ಯವೇ ಅತ್ತಿತು. ಅಲ್ಲಿಂದ ಮುಂದೆ ಯಾರ ಕತೆಯಲ್ಲಿ ಸಾವು ಬಂದರೂ ತನುಜಾಳಿಗೇ ಫೋನು.

ಆ ಮೊದಲನೆಯ ಸಾವಿನ ದಿನ ನಡೆದದ್ದು ಹೇಳಬೇಕು. ಟಿವಿಯಲ್ಲಿ ಮಗಳು ಕೆಮ್ಮಲು ಶುರುಮಾಡಿದ್ದೇ ವಿಮಲಮ್ಮ ಫಟ್ಟನೆ ಆಫ್ ಮಾಡಿ ಹಿತ್ತಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡರು. ಆ ದಿನ ಒಲೆಯನ್ನೂ ಹಚ್ಚಲಿಲ್ಲ. ಎದುರು ಮನೆಯ ಹುಚ್ಚಮ್ಮ ಅದನ್ನು ನೋಡಿದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅಡುಗೆ ಕೊಡಬೇಕು, ಅದು ನಮ್ಮ ಕಡೆಯ ಪದ್ಧತಿ. ಹುಚ್ಚಮ್ಮ ಅರ್ಧ ತಮಾಷೆಗೆ, ಅರ್ಧ ಮರುಕಕ್ಕೆ ಮುದ್ದೆ, ಅವರೆಕಾಳು ಸಾರು ಹಿಡಿದುಕೊಂಡು ಹೋದಳು. "ಏನ್ ಮಾಡೋದು ವಿಮಲಮ್ಮಾ, ಬಂದೋರೆಲ್ಲ ಒಂದಿನ ಹೋಗ್ಲೇಬೇಕು" ಎಂದಳು, ಸೆರಗು ಬಾಯಿಗೆ ಒತ್ತಿ ನಗು ತಡೆದುಕೊಂಡು. ವಿಮಲಮ್ಮ ಬೈಯಲಿಲ್ಲ. ಪಾತ್ರೆ ತೆಗೆದುಕೊಂಡರು.

ಅಷ್ಟೇ ಸಾಕಾಯಿತು. ತನುಜಾ ಸತ್ತಾಗಲೆಲ್ಲ ವಿಮಲಮ್ಮನ ಮನೆಗೆ ಊಟ ಕಳಿಸುವುದು ಬೀದಿಯ ರೂಢಿಯಾಗಿಹೋಯಿತು. ವಿಷ ಕುಡಿದು ಸತ್ತರೆ ಒಬ್ಬರದು, ಮೆಟ್ಟಿಲಿಂದ ಬಿದ್ದರೆ ಇನ್ನೊಬ್ಬರದು. ಶಾವಿಗೆ ಉಪ್ಪಿಟ್ಟು ಕಳಿಸಿದವರನ್ನು ಹುಚ್ಚಮ್ಮ ಬೀದಿಯಲ್ಲೇ ನಿಲ್ಲಿಸಿ ಕೇಳಿದಳು: "ಅಷ್ಟು ಚೆನ್ನಾಗ್ ಸತ್ತವಳೆ ಹುಡ್ಗಿ, ಬರೀ ಉಪ್ಪಿಟ್ಟಾ?"

ಒಮ್ಮೆ ಬಸ್‌ಸ್ಟ್ಯಾಂಡಿನ ಹುಡುಗರು ಅಭಿಮಾನ ಉಕ್ಕಿ, ಧಾರಾವಾಹಿಯಲ್ಲಿ ಸತ್ತ ಅವಳಿಗೆ 'ಮತ್ತೆ ಹುಟ್ಟಿ ಬಾ ತಾಯಿ' ಎಂದು ಆಳೆತ್ತರದ ಫ್ಲೆಕ್ಸ್ ಕಟ್ಟಿದರು. ಕಡೂರಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದ ಇವರ ದೂರದ ನೆಂಟ ಜಯದೇವಪ್ಪ ಅದನ್ನು ಕಿಟಕಿಯಿಂದ ನೋಡಿ, ಅಲ್ಲೇ ಇಳಿದು, ಹಾರ ಕೊಂಡು, ಅಳುತ್ತ ಬಂದು ಬಾಗಿಲು ಬಡಿದರು. ಬಾಗಿಲು ತೆಗೆದದ್ದು ಹಬ್ಬಕ್ಕೆ ಬಂದಿದ್ದ ತನುಜಾಳೇ, ಕೈಯಲ್ಲಿ ಬಾಚಣಿಗೆ. ಜಯದೇವಪ್ಪನವರು ತಂದ ಹಾರ ಎಲ್ಲಿಡುವುದೆಂದು ತಿಳಿಯದೆ ಕೊನೆಗೆ ಅದನ್ನು ಹೊಸಿಲಿಗೆ ಹಾಕಿ, ಕಾಫಿ ಕುಡಿದು ಹೋದರು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ವಿಮಲಮ್ಮ ನಗಲಿಲ್ಲ.

ತನುಜಾಳಿಗೆ ಕೊರಗು ಇದ್ದದ್ದು ಒಂದೇ. ಊರೆಲ್ಲ ನೋಡಿ ಹೊಗಳಿದ ತನ್ನ ಕೆಲಸವನ್ನು ಅಮ್ಮ ಮಾತ್ರ ಒಂದು ಸಲವೂ ನೋಡಿಲ್ಲ. ಪ್ರತಿ ಸಲ ಫೋನು ಮಾಡಿ "ನೋಡಿದ್ಯಾ ಅಮ್ಮಾ?" ಎಂದು ಕೇಳುತ್ತಾಳೆ. ಪ್ರತಿ ಸಲ "ಕರೆಂಟ್ ಹೋಗಿತ್ತು ಕಣೇ" ಎಂಬ ಉತ್ತರ. ನಮ್ಮ ಬೀದಿಯಲ್ಲೇ ಇರುವ ಲೈನ್‌ಮನ್ ಕಲ್ಲೇಶನಿಗೆ ಇದು ಮಾನದ ಪ್ರಶ್ನೆಯಾಯಿತು. "ಅಲ್ಲ ವಿಮಲಮ್ಮಾ, ಅವಳು ಸಾಯೋ ಹೊತ್ಗೇ ಸರಿಯಾಗಿ ನಾನು ಕರೆಂಟ್ ತೆಗೀತೀನಾ? ನನ್ನ ಮರ್ವಾದೆ ಏನಾಗ್ಬೇಕು?" ಎಂದು ಜಗುಲಿಯ ಮೇಲೆ ಕೂತು ನ್ಯಾಯ ಕೇಳಿದ. ವಿಮಲಮ್ಮ ಅವನಿಗೂ ಕಾಫಿ ಕೊಟ್ಟರು. ಅಪಶಕುನಕ್ಕೆ ಹೆದರುತ್ತಾರೆ, ಹಳೇ ಕಾಲದವರು ಎಂದು ನಾವೆಲ್ಲ ತೀರ್ಮಾನ ಮಾಡಿಕೊಂಡೆವು. ತನುಜಾಳೂ ಹಾಗೇ ಅಂದುಕೊಂಡಿದ್ದಳು. ನನ್ನ ಅಂಗಡಿಯಲ್ಲಿ ಕೂತು ಒಂದು ದಿನ, "ಅಪ್ಪ ಇದ್ದಿದ್ರೆ ನೋಡ್ತಿದ್ರು ಕಣೇ ಅಕ್ಕಾ. ನಾನು ನಿಜವಾಗ್ಲೂ ಚೆನ್ನಾಗ್ ಮಾಡ್ತೀನೋ ಇಲ್ವೋ, ಮನೇಲಿ ಯಾರ್ ಹೇಳ್ತಾರೆ?" ಎಂದಳು. ಅವತ್ತು ಬ್ಲೌಸಿನ ಬಗ್ಗೆ ಜಗಳ ತೆಗೆಯಲಿಲ್ಲ.

ಆಮೇಲೆ 'ಸೊಸೆ ತಂದ ಸಂಪಿಗೆ' ಬಂತು. ಅದರಲ್ಲಿ ತನುಜಾ ನಾಯಕಿಯ ತಾಯಿ ಗೌರಮ್ಮ. ವಯಸ್ಸು ಇನ್ನೂ ತಾಯಿಯಾಗುವಷ್ಟಿರಲಿಲ್ಲ, ತಲೆಗೆ ಪೌಡರ್ ಹಾಕಿ ಬಿಳಿ ಮಾಡಿದರು. ಗೌರಮ್ಮ ಸಾಯಲಿಲ್ಲ. ದಿನಾ ಸಂಜೆ ಬಂದು ಮಾತಾಡಿ, ಬೈದು, ನಕ್ಕು ಹೋಗುತ್ತಿದ್ದಳು. ವಿಮಲಮ್ಮ ಮೊದಲ ಸಲ ನೆಮ್ಮದಿಯಾಗಿ ಟಿವಿ ಮುಂದೆ ಕೂತರು. ಬಟಾಣಿ ಸುಲಿಯುತ್ತ, ಮಗಳ ಮುಖ ನೋಡುತ್ತ, ಜಾಹೀರಾತು ಬಂದರೂ ಏಳುತ್ತಿರಲಿಲ್ಲ. ಬೀದಿಯವರಿಗೆ ಮಾತ್ರ ಸ್ವಲ್ಪ ಬೇಜಾರು, ಯಾರ ಮನೆಯಿಂದಲೂ ಅಡುಗೆ ಹೋಗದೆ ಬಹಳ ದಿನವಾಗಿತ್ತು.

ಅಷ್ಟರಲ್ಲಿ ಕತೆ ತಿರುಗಿತು. ಗೌರಮ್ಮನನ್ನು ಮುಗಿಸಬೇಕು ಎಂದಾಯಿತು. ನಿರ್ದೇಶಕ ರಾಜಶೇಖರ್ ಒಳ್ಳೆಯ ಮನುಷ್ಯ, ತನುಜಾಳನ್ನೇ ಕರೆದು ಕೇಳಿದರಂತೆ: ಗೌರಮ್ಮ ಕಾಶಿಗೆ ಹೋಗಲಿ, ಬೇಕಾದರೆ ಆರು ತಿಂಗಳಾದ ಮೇಲೆ ವಾಪಸ್ ಕರೆಸೋಣ. ಇಲ್ಲವಾದರೆ ಸಾಯಲಿ, ಒಂದು ಇಡೀ ದಿನದ ಕಂತು ನಿನ್ನದೇ. ತನುಜಾ ಯೋಚನೆಯನ್ನೂ ಮಾಡದೆ ಸಾವನ್ನು ಆರಿಸಿಕೊಂಡಳು. ಇದುವರೆಗೆ ಸತ್ತದ್ದೆಲ್ಲ ಬೇರೆಯವರ ಕತೆಗೆ, ಈ ಸಾವು ತನ್ನದು ಎಂದಳು. ಕೆರೆಯ ಮೆಟ್ಟಿಲ ಮೇಲೆ ಮಗಳ ತೊಡೆಯಲ್ಲಿ ಪ್ರಾಣ ಬಿಡುವ ದೃಶ್ಯ. ನಮ್ಮ ಬುಕ್ಕಾಂಬುಧಿ ಕೆರೆ ಇದೆಯಲ್ಲ ಸಾರ್ ಎಂದು ರಾಜಶೇಖರರಿಗೆ ಫೋಟೋ ತೋರಿಸಿ ಒಪ್ಪಿಸಿದ್ದೂ ಅವಳೇ. ಅಷ್ಟು ಹತ್ತಿರ ಬಂದರೆ ಅಮ್ಮ ಬಂದೇ ಬರುತ್ತಾಳೆ ಎಂಬ ಲೆಕ್ಕಾಚಾರ.

ಸುದ್ದಿ ಕೇಳಿ ವಿಮಲಮ್ಮ ಫೋನಿನಲ್ಲೇ ಕೂಗಿದರು. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕಾಶಿಗ್ ಹೋಗಕ್ಕೆ ಏನಾಗಿತ್ತೇ ನಿಂಗೆ? ಜನ ಪುಣ್ಯ ಮಾಡಿದ್ರೆ ಕಾಶಿಗ್ ಹೋಗ್ತಾರೆ!"

"ಅಮ್ಮಾ, ಒಂದ್ಸಲ, ಒಂದೇ ಒಂದ್ಸಲ ಕೊನೇವರ್ಗೂ ನೋಡಮ್ಮಾ. ಆಮೇಲ್ ಇನ್ನೇನೂ ಕೇಳಲ್ಲ."

"ನನ್ ಕೈಲಿ ಆಗಲ್ಲ," ಎಂದು ವಿಮಲಮ್ಮ ಫೋನ್ ಇಟ್ಟುಬಿಟ್ಟರು.

ಆದರೂ ಶೂಟಿಂಗ್ ದಿನ ಹೊರಟರು. ನೋಡುವುದಕ್ಕಲ್ಲವಂತೆ, ನಿರ್ದೇಶಕರ ಹತ್ತಿರ ಕಾಶಿಯ ಬಗ್ಗೆ ಮಾತಾಡುವುದಕ್ಕಂತೆ. ಬೀದಿಯ ಹೆಂಗಸರೆಲ್ಲ ಟೆಂಪೋ ಹತ್ತಿದೆವು, ಲೈನ್‌ಮನ್ ಕಲ್ಲೇಶನೂ ಜೊತೆಗೆ ಹತ್ತಿದ. ಈ ಸಲ ಸಾಯುವುದು ಮೊದಲೇ ಗೊತ್ತಿದ್ದರಿಂದ ಹುಚ್ಚಮ್ಮ ಅಡುಗೆಯನ್ನೂ ಮೊದಲೇ ಮಾಡಿಕೊಂಡು ಬಂದಿದ್ದಳು, ದೊಡ್ಡ ಪಾತ್ರೆಗಳಲ್ಲಿ ಹುಳಿ, ಅನ್ನ, ಗಸಗಸೆ ಪಾಯಸ. ಶೂಟಿಂಗಿನವರು ತಮ್ಮ ಊಟದ ಪೊಟ್ಟಣ ಬದಿಗಿಟ್ಟು ಹುಚ್ಚಮ್ಮನ ಮುಂದೆ ತಟ್ಟೆ ಹಿಡಿದು ಸಾಲು ನಿಂತರು. "ಯಾವ ಸಮಾರಂಭದ ಊಟ ಅಮ್ಮಾ ಇದು?" ಎಂದು ಕ್ಯಾಮೆರಾದವನು ಕೇಳಿದ. "ತಿಥಿದು ಅಂತ ಅನ್ಕಳಪ್ಪಾ, ಇನ್ನೊಂದ್ ಸೌಟು ಹಾಕ್ಲಾ?" ಎಂದಳು ಹುಚ್ಚಮ್ಮ.

ವಿಮಲಮ್ಮ ನೇರವಾಗಿ ರಾಜಶೇಖರರ ಹತ್ತಿರ ಹೋದರು.

"ಸ್ವಾಮೀ, ಕಾಶಿಗ್ ಕಳ್ಸಿ ಅವಳ್ನ. ನಿಮಗೆ ಪುಣ್ಯ ಬತ್ತದೆ."

ರಾಜಶೇಖರ್ ಕೈಮುಗಿದರು. "ಅಮ್ಮಾ, ನಾನು ಕಳಿಸ್ತೀನಿ ಅಂದೆ. ನಿಮ್ಮ ಮಗಳೇ ಒಪ್ಪಲಿಲ್ಲ."

ಬಿಳಿ ತಲೆ, ನೂಲಿನ ಸೀರೆಯಲ್ಲಿ ತನುಜಾ ಅಲ್ಲೇ ನಿಂತಿದ್ದಳು. ಅಮ್ಮನೂ ಮಗಳೂ ಮುಖ ಮುಖ ನೋಡಿಕೊಂಡರು. ಇಬ್ಬರದೂ ಒಂದೇ ಹಟದ ಮೂಗು. ವಿಮಲಮ್ಮ ಹೋಗಿ ಏರಿಯ ಮೇಲಿನ ಮರದ ಕೆಳಗೆ, ಕೆರೆಗೆ ಬೆನ್ನು ಹಾಕಿ ಕೂತರು. ಅವರು ಎದ್ದು ಹೋಗದಂತೆ ನೋಡಿಕೋ ಎಂದು ತನುಜಾ ನನಗೆ ಸನ್ನೆ ಮಾಡಿದಳು. ನಾನು ಪಕ್ಕದಲ್ಲಿ ಕೂತೆ.

ಮೊದಲನೆಯ ಸಲ ತೆಗೆದದ್ದನ್ನು ಹುಚ್ಚಮ್ಮ ಹಾಳು ಮಾಡಿದಳು. ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ತಮಾಷೆ ಮಾಡುತ್ತಿದ್ದವಳು ಅವಳೇ. ತನುಜಾ ಮೆಟ್ಟಿಲ ಮೇಲೆ ಕುಸಿದು ಉಸಿರಿಗೆ ಒದ್ದಾಡುವುದನ್ನು ಎದುರಿಗೆ ಕಂಡದ್ದೇ ತಡ, "ಅಯ್ಯೋ, ನಿಂತ್ಕಂಡ್ ನೋಡ್ತೀರಲ್ರೋ, ನೀರ್ ಕೊಡ್ರೋ ಮಗೀಗೆ!" ಎಂದು ಚೊಂಬು ಹಿಡಿದು ಕ್ಯಾಮೆರಾದ ಮುಂದೆಯೇ ಓಡಿದಳು. ಸಾಯುತ್ತಿದ್ದ ಗೌರಮ್ಮನೂ ಅಳುತ್ತಿದ್ದ ಮಗಳೂ ಬಿದ್ದು ಬಿದ್ದು ನಕ್ಕರು. ಮಗಳ ಪಾತ್ರ ಮಾಡುತ್ತಿದ್ದ ಸ್ಫೂರ್ತಿ ಎಂಬ ಹುಡುಗಿಯ ಮೇಕಪ್ ಪೂರ್ತಿ ಹೋಯಿತು.

ಎರಡನೆಯ ಸಲಕ್ಕೆ ಯಾರೂ ತುಟಿ ಬಿಚ್ಚಬಾರದು ಎಂದು ಕಟ್ಟಪ್ಪಣೆಯಾಯಿತು. ಬೆಳಕು ಇಳಿಯುತ್ತಿತ್ತು. ಗೌರಮ್ಮ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಾತಾಡುತ್ತಿದ್ದಳು, ಮನೆಯಲ್ಲಿ ಹಸು ಕಟ್ಟುವ ಬಗ್ಗೆ, ಹಪ್ಪಳ ಒಣಗಿಸಿದ್ದರ ಬಗ್ಗೆ. ಆ ಮಾತು ನಿಧಾನವಾಗುತ್ತಾ ಹೋಯಿತು, ಆಮೇಲೆ ನಿಂತಿತು. ಅಷ್ಟು ಜನ ಇದ್ದರೂ ಏರಿಯ ಮೇಲೆ ಒಂದು ಕೆಮ್ಮೂ ಕೇಳಲಿಲ್ಲ. ವಿಮಲಮ್ಮನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. "ಯಾಕೇ, ಯಾಕ್ ಯಾರೂ ಮಾತಾಡ್ತಿಲ್ಲ?" ಎಂದು ಪಿಸುಗುಟ್ಟಿದರು. ಆ ಮೌನ ತಡೆಯಲಾರದೆ ಅವರು ಎದ್ದು ತಿರುಗಿ ನೋಡಿದರು.

ನೋಡಿದವರು ಮತ್ತೆ ಮುಖ ತಿರುಗಿಸಲಿಲ್ಲ. ಗೌರಮ್ಮ ಒಂದು ಉಸಿರು ಎಳೆದು, ರೆಪ್ಪೆ ಮುಚ್ಚಿ, ಕತ್ತು ವಾಲಿಸಿದಳು. ಕಟ್ ಎಂದಾಗ ಕಲ್ಲೇಶ್ ಸಮೇತ ಎಲ್ಲರೂ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು.

ತನುಜಾ ಎದ್ದವಳೇ ಏರಿಯ ಕಡೆ ನೋಡಿದಳು. ಅಮ್ಮ ತನ್ನ ಕಡೆ ಮುಖ ಮಾಡಿ ನಿಂತಿರುವುದು ಕಂಡು, ಬಿಳಿ ತಲೆಯ ಮುದುಕಿ ಹುಡುಗಿಯ ಹಾಗೆ ಏರಿ ಹತ್ತಿ ಓಡಿ ಬಂದಳು.

"ನೋಡಿದ್ಯಾ ಅಮ್ಮಾ? ಕೊನೇವರ್ಗೂ ನೋಡಿದ್ಯಾ?"

"ನೋಡ್ದೆ."

"ಹೆಂಗಿತ್ತು?"

"ಹಂಗಲ್ಲ ಕಣೇ ಅದು," ಎಂದರು ವಿಮಲಮ್ಮ.

ತನುಜಾಳ ಮುಖ ಇಳಿದುಹೋಯಿತು. ನನಗೆ ವಿಮಲಮ್ಮನ ಮೇಲೆ ಸಿಟ್ಟೇ ಬಂತು. ಇಷ್ಟು ವರ್ಷಕ್ಕೆ ಒಂದು ಸಲ ನೋಡಿದ್ದಾರೆ, ಒಂದು ಒಳ್ಳೆ ಮಾತಾಡಿದರೆ ಇವರ ಗಂಟೇನು ಹೋಗುತ್ತಿತ್ತು? ಆದರೆ ಅವರು ನನ್ನ ಕಡೆ ನೋಡಲೇ ಇಲ್ಲ. ಮಗಳ ಕೆನ್ನೆಗೆ ಅಂಟಿದ್ದ ಪೌಡರನ್ನು ಸೆರಗಿನಲ್ಲಿ ಒರೆಸುತ್ತ, ತುಂಬ ಮೆಲ್ಲಗೆ ಹೇಳಿದರು.

"ಕಣ್ಣು ತಾನಾಗೇ ಮುಚ್ಕಳಲ್ಲ ಕಣೇ. ತೆರ್ದಂಗೇ ಇರ್ತವೆ. ನಮ್ಮನ್ನೇ ನೋಡ್ತಾ ಇದಾರೆ ಅಂತ್ಲೇ ಅನ್ಸುತ್ತೆ. ನಾನು ಎಷ್ಟ್ ಹೊತ್ತು ಮಾತಾಡುಸ್ದೆ ಗೊತ್ತಾ ನಿಮ್ಮಪ್ಪನ್ನ? ರೈಲಿಗ್ ಹೊತ್ತಾಯ್ತು ಏಳಿ ಅಂದೆ, ಅಂಗಿ ಗುಂಡಿ ಹಾಕ್ದೆ. ಆಮೇಲ್ ನಾನೇ ಮುಚ್ದೆ. ನಾವೇ ಮುಚ್ಚಬೇಕು ಕಣೇ."

ಇಷ್ಟು ವರ್ಷ ನಾವು ಅಪಶಕುನ ಎಂದು ನಗುತ್ತಿದ್ದದ್ದು ಇದಕ್ಕೆ. ಟಿವಿ ಆಫ್ ಮಾಡಿದಾಗಲೆಲ್ಲ ಈಯಮ್ಮ ಆ ಬೆಳಗಿಗೇ ಹೋಗಿ ಬರುತ್ತಿದ್ದರು, ಮತ್ತು ನಾವು ಸಾರಿನ ಪಾತ್ರೆ ಹಿಡಿದು ಹೋಗುತ್ತಿದ್ದೆವು.

ತನುಜಾ ಕೆಳಗಿಳಿದು ಹೋಗಿ ರಾಜಶೇಖರರಿಗೆ ಇನ್ನೊಂದು ಸಲ ಮಾಡುತ್ತೇನೆ ಎಂದಳು. "ಚೆನ್ನಾಗೇ ಬಂದಿದೆಯಲ್ಲಮ್ಮಾ, ಬೆಳಕೂ ಹೋಗ್ತಿದೆ" ಎಂದರು ಅವರು. "ಇಲ್ಲ ಸಾರ್, ಇನ್ನೊಂದು ಸಲ" ಎಂದಳು. ಸ್ಫೂರ್ತಿಯ ಕಿವಿಯಲ್ಲಿ ಏನೋ ಹೇಳಿದಳು. ಆ ಹುಡುಗಿ ಗಾಬರಿಯಾಗಿ ತಲೆಯಾಡಿಸಿದಳು.

ವಿಮಲಮ್ಮ ಈ ಸಲ ಮರದ ಕೆಳಗೆ ಕೂರಲಿಲ್ಲ. ಮೆಟ್ಟಿಲಿನವರೆಗೆ ಇಳಿದು ಕ್ಯಾಮೆರಾದ ಪಕ್ಕದಲ್ಲೇ ನಿಂತರು. ಯಾರೂ ಬೇಡ ಎನ್ನಲಿಲ್ಲ. ಗೌರಮ್ಮ ಹಸುವಿನ ಬಗ್ಗೆ ಮಾತಾಡಿದಳು, ಹಪ್ಪಳದ ಬಗ್ಗೆ ಮಾತಾಡಿದಳು, ಮಾತು ನಿಂತಿತು. ಕಣ್ಣು ಮಾತ್ರ ತೆರೆದೇ ಇತ್ತು. ಅದರಲ್ಲಿ ಕೆರೆಯ ಬೆಳಕಿತ್ತು, ನೋಟ ಇರಲಿಲ್ಲ. ಸ್ಫೂರ್ತಿ ಅಮ್ಮಾ ಅಮ್ಮಾ ಎಂದು ಕರೆದಳು, ಅಲುಗಿಸಿದಳು, ಸೆರಗು ಸರಿಮಾಡಿದಳು. ಬಹಳ ಹೊತ್ತಿನ ಮೇಲೆ ತಾನೇ ಕಣ್ಣು ಮುಚ್ಚಿಸಿದಳು. ನಾನು ವಿಮಲಮ್ಮನನ್ನೇ ನೋಡುತ್ತಿದ್ದೆ. ಅವರು ರೆಪ್ಪೆ ಮಿಟುಕಿಸದೆ ಕೊನೆಯವರೆಗೂ ನೋಡಿದರು.

ರಾಜಶೇಖರ್ ಕಟ್ ಎಂದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಟ್ ಎಂದ ಕೂಡಲೇ ಎದ್ದು ನೀರು ಕೇಳುವ ತನುಜಾ ಏಳಲಿಲ್ಲ. ಮುಚ್ಚಿದ ರೆಪ್ಪೆಯ ಸಂದಿಯಿಂದ ನೀರು ಇಳಿದು ತಲೆಯ ಬಿಳಿ ಪೌಡರಿಗೆ ಸೇರುತ್ತಿತ್ತು. ವಿಮಲಮ್ಮ ಹೋಗಿ ಮೆಟ್ಟಿಲ ಮೇಲೆ ಕೂತು, ಸ್ಫೂರ್ತಿಯ ತೊಡೆಯಿಂದ ಮಗಳ ತಲೆಯನ್ನು ತಮ್ಮ ತೊಡೆಗೆ ಎಳೆದುಕೊಂಡರು.

"ಇದು ಸರಿ ಕಣೇ. ಹಿಂಗೇ ಇತ್ತು," ಎಂದರು. "ಇನ್ನ್ ಸಾಕು, ಕಣ್ ಬಿಡು."

ತನುಜಾ ಕಣ್ಣು ಬಿಟ್ಟು ಅಮ್ಮನನ್ನು ನೋಡಿದಳು. ಆಗ ವಿಮಲಮ್ಮ ಅತ್ತರು.